ಗೇಟಿಲ್ಲದ ಬಯಲಲ್ಲಿ ಡೇರೆ

ಧರಣಿ ಮಾಮನಿಗೆ ಕಣ್ಣು ಮುಚ್ಚಿಕೊಂಡು ಮಾಡಲು ಬರುತ್ತಿದ್ದ ಕೆಲಸ ಒಂದೇ ಒಂದು. ಡೇರೆ ಕಟ್ಟುವುದು. ಗಿರಣಿಯಲ್ಲಿ ಫಿಟ್ಟರ್ ಆಗಿ ಸೇರಿದಾಗಿನಿಂದ ನಿವೃತ್ತನಾಗುವವರೆಗೆ ಗಿರಣಿಯ ಗೇಟು, ಕಾರ್ಮಿಕ ಕಚೇರಿಯ ಗೇಟು, ನೀರು ಬಿಡದ ಇಲಾಖೆಯ ಗೇಟು, ಹೀಗೆ ಅವನು ಡೇರೆ ಕಟ್ಟಿ ಕೂರದ ಗೇಟು ಊರಲ್ಲಿ ಉಳಿದಿರಲಿಲ್ಲ. (ಸ್ವಂತ ಮನೆಯ ಗೇಟನ್ನು ಬಿಟ್ಟು. ಅಲ್ಲಿಯ ಆಡಳಿತ ಮಂಡಳಿ ತೀರಾ ಗಟ್ಟಿ.) ಆದ್ದರಿಂದ ಹೆಂಡತಿ ಒಂದು ದಿನ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಡೇರೆ ಆರಿಸೋ ಕೆಲಸ ನಿಮ್ದು" ಎಂದಾಗ ಅವನ ಎದೆ ಗೇಣುದ್ದ ಉಬ್ಬಿತು. ಉಬ್ಬಿದ್ದು ಹೇಗೆ ಇಳಿಯಿತು ಎಂಬುದೇ ಮುಂದಿನ ಕಥೆ.

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಚಳವಳಿಯ ಬ್ಯಾನರುಗಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು. ಅವಳ ಅಂಗಡಿಯ ಹಿಂದಿನ ಕಿಟಕಿಯಿಂದ ನದಿ ಕಾಣುತ್ತಿತ್ತು. ಗಂಡ ಗೇಟಿನ ಮುಂದೆ ಕೂತಿದ್ದಾಗೆಲ್ಲ ಅವಳು ಆ ಕಿಟಕಿಯ ಮುಂದೆ ಕೂತು, ಈ ನೀರು ಎಲ್ಲಿ ಹುಟ್ಟುತ್ತದೆಯೋ ಒಮ್ಮೆ ಹೋಗಿ ನೋಡಬೇಕು ಅಂದುಕೊಳ್ಳುತ್ತಿದ್ದಳು. ಕಳೆದ ವರ್ಷ ಸೈಕಲ್ ಕಲಿತಳು. ಈಗ ಅಲ್ಲಿಗೆ ಹೊರಡುವ ಯೋಜನೆ: ನದಿ ಹುಟ್ಟುವ ಬೆಟ್ಟದ ಬುಡದವರೆಗೆ ಸೈಕಲ್, ಅಲ್ಲಿಂದ ಮೇಲಕ್ಕೆ ಬೆನ್ನಿನ ಮೇಲೆ ಹೊರೆ ಹೊತ್ತು ನಡಿಗೆ. ಡೇರೆ ಹ್ಯಾಂಡಲ್ ಮೇಲೆ ಕೂರಬೇಕು, ಬೆನ್ನಿಗೂ ಭಾರವಾಗಬಾರದು. ಮೊದಲು ಊರಾಚೆಯ ಕೆರೆಯ ಹತ್ತಿರ ಒಂದು ರಾತ್ರಿ ಪರೀಕ್ಷೆ. ಅಲ್ಲಿ ಎಡವಟ್ಟಾದರೆ ಅವಳು ತಂಗಿಯ ಜೊತೆ ಹೋಗುತ್ತಾಳೆ, ತಂಗಿಯ ಹತ್ತಿರ ಡೇರೆ ಇದೆ, ಅದರಲ್ಲಿ ಇಬ್ಬರಿಗಷ್ಟೇ ಜಾಗ. ಇದನ್ನವಳು ಬೆದರಿಕೆಯಾಗಿ ಹೇಳಲಿಲ್ಲ, ಮಾಹಿತಿಯಾಗಿ ಹೇಳಿದಳು. ಮಾಮ ಮರುದಿನ ಬೆಳಗ್ಗೆಯೇ ಡೇರೆ ಅಂಗಡಿಗೆ ಓಡಿದ್ದು ಅದಕ್ಕೇ.

ಈಗೀಗ ಅವನನ್ನು ಯಾವ ಸಭೆಗೂ ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲಿ ಒಬ್ಬನೇ ಕೂತರೆ ಅದು ಧರಣಿಯಲ್ಲ, ಬರೀ ಕೂರುವುದು.

ಡೇರೆ ಅಂಗಡಿಯಾಕೆ ಮೂರು ಡೇರೆ ಬಿಡಿಸಿ ಹಾಸಿದಳು. ಒಂದು ಒಬ್ಬರಿಗಾಗುವಂಥದ್ದು. ಮಾಮ ಅದನ್ನು ಸಂಘಟನೆ ಒಡೆಯುವ ಸಂಚು ಎಂದು ಆಚೆ ಸರಿಸಿದ. ಇನ್ನೊಂದು ತನ್ನದೇ ಕಡ್ಡಿಗಳ ಮೇಲೆ ತಾನೇ ನಿಲ್ಲುವಂಥದ್ದು, ತುಸು ಭಾರ. ಮೂರನೆಯದು ಹಕ್ಕಿಯ ಪುಕ್ಕದಷ್ಟು ಹಗುರ, ಆದರೆ ಅದಕ್ಕೆ ಕಡ್ಡಿಯಿಲ್ಲ. ನಡೆಯುವವರು ಹಿಡಿಯುವ ಎರಡು ಊರುಗೋಲು ಅದನ್ನು ಎತ್ತಿ ನಿಲ್ಲಿಸಬೇಕು, ನೆಲಕ್ಕೆ ಬಡಿದ ಗೂಟಗಳು ನಾಲ್ಕೂ ಕಡೆ ಎಳೆದು ಹಿಡಿಯಬೇಕು. ಸೈಕಲ್ಲೋ ನಡಿಗೆಯೋ ಎಂದು ಆಕೆ ವಿಚಾರಿಸಿದಳು. ಎರಡೂ ಎಂದ ಮಾಮ. ಹಾಗಾದರೆ ಕಡ್ಡಿಯದ್ದೇ ತೆಗೆದುಕೊಳ್ಳಿ, ಸೈಕಲ್ ಮೇಲೆ ಊರುಗೋಲು ಯಾರು ಹೊರುತ್ತಾರೆ, ಈ ಕಡ್ಡಿ ಮಡಚಿದರೆ ಮೊಳದುದ್ದವೂ ಇಲ್ಲ, ಎಂದು ಆಕೆ ಕಳಕಳಿಯಿಂದಲೇ ಹೇಳಿದಳು.

ಅಲ್ಲೇ ಕೆಟ್ಟಿತು. ಎದುರು ಕೂತವರು ಮೊದಲು ಮುಂದಿಟ್ಟದ್ದನ್ನು ಒಪ್ಪಬಾರದು ಎಂಬುದು ಮಾಮನ ರಕ್ತಕ್ಕೆ ಇಳಿದಿದ್ದ ಪಾಠ. ಬೋನಸ್ಸಿನ ವಿಷಯದಲ್ಲಿ ಅದು ಸರಿ. ಡೇರೆಯ ವಿಷಯದಲ್ಲಿ ಹೌದೋ ಅಲ್ಲವೋ ಎಂದು ಅವನು ಯೋಚಿಸಲೇ ಇಲ್ಲ. ಮೀಸೆಯಡಿ ನಕ್ಕು ಹಗುರದ್ದನ್ನೇ ಎತ್ತಿಕೊಂಡ.

ಮನೆಯಲ್ಲಿ ಅಡುಗೆಮನೆಯ ತಕ್ಕಡಿಗೆ ಡೇರೆ ಏರಿತು. ಊರುಗೋಲು ಅವನು ಕೊಂಡೇ ಇರಲಿಲ್ಲ. ಗೂಟಗಳ ಚೀಲವನ್ನೂ ತೆಗೆದು ಹಳೆಯ ಬಾವುಟಗಳ ಪೆಟ್ಟಿಗೆಯಲ್ಲಿಟ್ಟ. ಮುಳ್ಳು ಕೆಳಗಿಳಿಯಿತು. ಕಂಪನಿಯವರಿಗೇ ಇಳಿಸಲಾಗದ ಭಾರವನ್ನು ತಾನು ಇಳಿಸಿದೆ ಎಂದು ಬೀಗಿದ. ಹಾಗಾದರೆ ನಿಲ್ಲೋದು ಹೇಗೆ ಎಂದು ಕೇಳಿದಳು ಟೈಲರಮ್ಮ.

"ಹಗ್ಗ ಇದೆಯಲ್ಲೇ. ನಾನು ಯಾವತ್ತಾದ್ರೂ ಗೂಟ ಬಡಿದಿದ್ದು ನೋಡಿದ್ದೀಯಾ?"

ಅವಳು ನೋಡಿರಲಿಲ್ಲ. ಗೂಟ ಹೊಡ್ಕೊಂಡು ಕೂರ್ತಾನೆ ಅಂತ ಅಧಿಕಾರಿಗಳಿಂದೆಲ್ಲ ಬೈಸಿಕೊಂಡ ಮನುಷ್ಯ ಆವರೆಗೆ ಒಂದು ಗೂಟವನ್ನೂ ಹೊಡೆದಿರಲಿಲ್ಲ.

ಕೆರೆಯ ಹತ್ತಿರ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಜಾಗ ಬೋಳು. ಒತ್ತಾಗಿ ಬೆಳೆದ ಹುಲ್ಲು, ಅಂಚಿನಲ್ಲಿ ಒಂದಿಷ್ಟು ಕಲ್ಲು, ನೀರು, ಆಕಾಶ, ಗಾಳಿ. ಮರವಿಲ್ಲ, ಕಂಬವಿಲ್ಲ, ಬೇಲಿಯಿಲ್ಲ. ಮಾಮ ಹಗ್ಗದ ತುದಿ ಹಿಡಿದು ಸುತ್ತಿದ, ನಿಂತ, ಮತ್ತೆ ಸುತ್ತಿದ. ಕಟ್ಟಲು ಏನೂ ಇರಲಿಲ್ಲ. ಇಷ್ಟು ವರ್ಷ ತನ್ನ ಡೇರೆಗಳನ್ನೆಲ್ಲ ಎತ್ತಿ ಹಿಡಿದದ್ದು ತಾನು ಧಿಕ್ಕಾರ ಕೂಗಿದವರ ಗೇಟುಗಳೇ ಎಂಬ ಸತ್ಯ ಆ ಗಾಳಿಯಲ್ಲಿ ಅವನ ಮುಖಕ್ಕೆ ಬಂದು ಬಡಿಯಿತು. ಎದುರಾಳಿ ಇಲ್ಲದೆ ಡೇರೆ ನಿಲ್ಲುವುದಿಲ್ಲ.

"ಯಾರ ವಿರುದ್ಧ ಕಟ್ಟೋದು ಅಂತ ಯೋಚಿಸ್ತಿದ್ದೀರಾ?" ಎಂದಳು ಟೈಲರಮ್ಮ, ಕಲ್ಲಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ.

"ಒಂದು ತುದಿ ನಾನೇ ಹಿಡ್ಕೊಂಡಿರ್ತೀನಿ ಕಣೇ. ನೀನು ಮಲಗು."

"ಬೆಳಗಿನವರೆಗೂ?"

ಅವನು ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡ. ನಾದಿನಿಯ ಡೇರೆ ಅವನ ಕಣ್ಣ ಮುಂದೆ ಕಟ್ಟಿ ನಿಂತಿತ್ತು.

ಟೈಲರಮ್ಮ ಎದ್ದಳು. ಎರಡೂ ಸೈಕಲ್‌ಗಳನ್ನು ತಲೆಕೆಳಗು ಮಾಡಿ ಸೀಟಿನ ಮೇಲೆ ನಿಲ್ಲಿಸಿದಳು, ಆ ತುದಿಗೊಂದು ಈ ತುದಿಗೊಂದು. ಡೇರೆಯ ನೆತ್ತಿಯ ಹಗ್ಗಗಳನ್ನು ಚಕ್ರಗಳಿಗೆ ಬಿಗಿದು, ಮೂಲೆಗಳ ಮೇಲೆ ಕಲ್ಲು ಹೇರಿಸಿದಳು. ಆಮೇಲೆ ಬಟ್ಟೆಯನ್ನು ಹೊಲಿಗೆಗೆ ಮುನ್ನ ನೋಡುವಂತೆ ನೂಲಿಗೆ ಅಡ್ಡಲಾಗಿ ಎಳೆದು ನೋಡಿ, ಇಲ್ಲಿ ಸಡಿಲ, ಅಲ್ಲಿ ನೆರಿಗೆ ಎನ್ನುತ್ತ ಕಲ್ಲುಗಳನ್ನು ಬೆರಳಷ್ಟೇ ಸರಿಸಿದಳು. ಡೇರೆ ನಿಂತಿತು. ಮಾಮ ಕಲ್ಲು ಹೊತ್ತ. (ಹೊತ್ತದ್ದನ್ನು ಆಮೇಲೆ ಎಲ್ಲರಿಗೂ "ನಾವು ಕಟ್ಟಿದ್ವಿ" ಎಂದು ಹೇಳಿಕೊಂಡ.) ಆ ರಾತ್ರಿ ಇಬ್ಬರಿಗೂ ಗಾಢ ನಿದ್ದೆ. ಪೊಲೀಸರು ಬಂದು ಎಬ್ಬಿಸದ ಮೊದಲ ಡೇರೆ ಅದು.

ಬೆಳಗ್ಗೆ ಅವನಿಗೆ ಎಚ್ಚರವಾದದ್ದು ಹಗ್ಗ ಬಿಚ್ಚುವ ಸದ್ದಿಗೆ.

"ರೀ, ನನ್ನ ಸೈಕಲ್ ತಗೊಂಡೆ. ಕೆರೆ ಸುತ್ತ ಒಂದು ಸುತ್ತು ಹೋಗಿಬರ್ತೀನಿ" ಎಂಬ ಮಾತು ಹೊರಗಿನಿಂದ ಕೇಳಿದ್ದೇ ತಡ, ಡೇರೆ ಅವನ ಮುಖದ ಮೇಲೆ ಕುಸಿಯಿತು. ಇನ್ನೊಂದು ಸೈಕಲ್ ಕೂಡ ಸಹಾನುಭೂತಿಯಿಂದ ಮಗುಚಿತು. ಮಾಮ ಬಟ್ಟೆಯೊಳಗೆ ತಡಕಾಡಿದ. ಜಿಪ್ಪು ಸಿಗಲಿಲ್ಲ, ಮೂಲೆಗಳೆಲ್ಲ ಕಲ್ಲಿನಡಿ. ಬಿಡಿಸು ಎಂದು ಗೋಗರೆದ.

ಅವಳು ಡೇರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಿಡಿಸುವ ಮೊದಲು ತನ್ನ ಕೆಲವು ಬೇಡಿಕೆಗಳಿವೆ ಎಂದಳು. ಜೀವಮಾನದಲ್ಲಿ ಮೊದಲ ಸಲ ಮಾಮ ಒಳಗಿದ್ದ, ಚಳವಳಿ ಹೊರಗಿತ್ತು. ಮೊದಲನೆಯದು, ಗೂಟ ಮತ್ತು ಊರುಗೋಲು ಅವನೇ ಹೊರಬೇಕು. ಒಪ್ಪಿದ. ಎರಡನೆಯದು, ಅಂಗಡಿಯವರು ತಿಳಿದು ಹೇಳಿದ್ದನ್ನು ಕೇಳಬೇಕು. ಹಲ್ಲು ಕಚ್ಚಿ ಅದನ್ನೂ ಒಪ್ಪಿದ.

"ಲಿಖಿತವಾಗಿ ಕೊಡಿ. ಬಾಯಿಮಾತಿಗೆ ಧರಣಿ ಎತ್ತಬಾರದು ಅಂತ ಹೇಳ್ಕೊಟ್ಟಿದ್ದು ನೀವೇ."

ಜಿಪ್ಪು ಎರಡು ಬೆರಳಷ್ಟು ತೆರೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಒಳಗೆ ಬಂತು. ಮಾಮ ಮಲಗಿದಲ್ಲೇ ಡೇರೆಯ ಒಳಮೈ ಮೇಲೆ ಎರಡನ್ನೂ ಬರೆದ.

ಬರೆದದ್ದನ್ನು ಅವಳು ಜಿಪ್ಪಿನ ಸಂದಿಯಿಂದ ಓದಿಕೊಂಡಳು. ಆಮೇಲೆ ಅವಳ ದನಿ ತುಸು ತಗ್ಗಿತು.

"ಮೂರನೇದು. ನದಿ ಹುಟ್ಟೋ ಜಾಗಕ್ಕೆ ನನ್ ಜೊತೆ ನೀವೇ ಬರಬೇಕು. ತಂಗಿಗೆ ಬೇಡ ಅಂದ್ಬಿಡ್ತೀನಿ."

ವಾರಗಟ್ಟಲೆ ಮಾಮ ಕಾದು ಕೂತಿದ್ದದ್ದು ಈ ಒಂದು ಮಾತಿಗೆ. ಆದರೆ ಸಂಧಾನದ ಮೇಜಿನಲ್ಲಿ ಅರ್ಧ ಆಯುಸ್ಸು ಕಳೆದ ನಾಲಿಗೆ, ಎದುರು ಪಕ್ಷದವರ ಬಾಯಲ್ಲಿ ಸಾವಿರ ಸಲ ಕೇಳಿದ್ದನ್ನೇ ನುಡಿಯಿತು:

"ಪರಿಶೀಲಿಸೋಣ."

"ಪರಿಶೀಲಿಸ್ತಾ ಇರಿ" ಎಂದಳು ಟೈಲರಮ್ಮ. ಜಿಪ್ಪು ಸರಕ್ಕನೆ ಮುಚ್ಚಿತು. ಸೈಕಲ್ ಹುಲ್ಲಿನ ಮೇಲೆ ಹೊರಟ ಸದ್ದು ಕೇಳಿತು.

ಸಣ್ಣ ಕೆರೆಯೇನಲ್ಲ ಅದು. ಮಾಮ ಕಲ್ಲುಗಳನ್ನು ಉರುಳಿಸಿಕೊಂಡು ಡೇರೆಯ ಸಮೇತ ಎದ್ದು ನಿಂತ. ತಲೆಯ ಮೇಲೆ ಎರಡೂ ಕೈ ಎತ್ತಿ ಬಟ್ಟೆಯನ್ನು ಹಿಡಿದು, ತಾನೇ ಕಂಬವಾಗಿ, ಸೈಕಲ್ಲಿನ ಸದ್ದು ಹೋದ ಕಡೆಗೆಲ್ಲ ತಿರುಗುತ್ತ, ಒಪ್ಪಿದೆ ಕಣೇ, ಮೂರನೇದೂ ಒಪ್ಪಿದೆ ಎಂದು ಗಿರಣಿಯ ಮೂರೂ ಪಾಳಿಗೆ ಕೇಳುತ್ತಿದ್ದ ಆ ಹಳೆಯ ಗಂಟಲಲ್ಲಿ ಕೂಗಿದ.

ದೂರದ ದಡದಿಂದ ಬೆಲ್ಲು ಎರಡು ಸಲ ಟ್ರಿಣ್ ಎಂದಿತು.

ಪರಿಶೀಲಿಸುತ್ತಿದ್ದಳು.