ಚಾರ್ಜು ಕಳ್ಳರಿದ್ದಾರೆ, ಎಚ್ಚರಿಕೆ!

ಹುಣಸೂರು ಬಳಿಯ ಗುರುಪುರದ ಉಮಾಶಂಕರನ ಮನೆಯಲ್ಲಿ ಹದಿನೈದು ದಿನದಿಂದ ಕಳ್ಳತನ ನಡೆಯುತ್ತಿತ್ತು. ಕಳ್ಳ ಒಡವೆ ಮುಟ್ಟಿರಲಿಲ್ಲ, ಕೋಳಿ ಮುಟ್ಟಿರಲಿಲ್ಲ. ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿ ಜೇಬಿಗಿಳಿಸಿದ ಫೋನಿನ ಚಾರ್ಜು ಮಧ್ಯಾಹ್ನ ಮುದ್ದೆ ಮುರಿಯುವ ಹೊತ್ತಿಗೆ ಮೂವತ್ತಕ್ಕೆ ಬಂದಿರುತ್ತಿತ್ತು. ಮಿಕ್ಕ ಎಪ್ಪತ್ತು ಎಲ್ಲಿಗೆ ಹೋಯಿತು? ತಾನಾಗಿ ಹೋಗುವ ವಸ್ತು ಲೋಕದಲ್ಲಿಲ್ಲ, ಯಾರೋ ಒಯ್ದಿರಬೇಕು ಎಂಬುದು ಉಮಾಶಂಕರನ ಸಿದ್ಧಾಂತ. ತರಕಾರಿ ತೂಗುವಾಗ ತಕ್ಕಡಿ ಬಿಟ್ಟು ಅಂಗಡಿಯವನ ಹೆಬ್ಬೆರಳನ್ನೇ ನೋಡುವ ಆಸಾಮಿ ಅವನು.

ಅನುಮಾನ ನೇರವಾಗಿ ಹೋಗಿ ನಿಂತದ್ದು ಹೆಂಡತಿ ಸುಧಾಳ ಮೇಲೆ. ಅವಳ ಫೋನಿಗೆ ಐದು ವರ್ಷ, ಗಾಜು ಮೂರು ಕಡೆ ಬಿರುಕು. ಅದನ್ನು ಅವಳು ಮಿಕ್ಸಿ ತಿರುಗಿಸುವ ಮುಂಚೆ ಹತ್ತು ನಿಮಿಷ, ಹಾಲು ಕಾಯಿಸುವಾಗ ಕಾಲು ಗಂಟೆ ಹೀಗೆ ಮನಸ್ಸಿಗೆ ಬಂದಾಗ ಸಿಕ್ಕಿಸಿ, ಮನಸ್ಸಿಗೆ ಬಂದಾಗ ಕಿತ್ತುಕೊಳ್ಳುತ್ತಿದ್ದಳು. ಒಂದು ದಿನವೂ ನೂರು ಮುಟ್ಟಿಸಿದವಳಲ್ಲ. ಆದರೂ ಆ ಫೋನು ಸಂಜೆಯವರೆಗೆ ಲವಲವಿಕೆಯಿಂದ ಮಾತಾಡುತ್ತಿತ್ತು.

"ಎಲ್ಲಿಂದ ಬತ್ತದೆ ನಿನ್ ಫೋನಿಗೆ ಅಷ್ಟು ಚಾರ್ಜು?" ಎಂದು ಒಂದು ದಿನ ಕೇಳಿಯೇಬಿಟ್ಟ.

"ಕರೆಂಟಿಂದ ಬತ್ತದೆ. ಇನ್ನೇನು ನಮ್ಮಪ್ಪನ ಮನೆಯಿಂದ ಗಾಡೀಲಿ ಬತ್ತದಾ?"

ಉತ್ತರದಲ್ಲಿ ಸಿಟ್ಟಿತ್ತು. ಸಿಟ್ಟಿದ್ದ ಮೇಲೆ ತಪ್ಪು ಇದ್ದೇ ಇದೆ. ಎರಡು ಫೋನನ್ನೂ ಸಿಕ್ಕಿಸುತ್ತಿದ್ದದ್ದು ಒಂದೇ ಬೋರ್ಡಿಗೆ. ಕಾಲುವೆಯಲ್ಲಿ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವುದಿಲ್ಲವೇ? ಬೋರ್ಡಿನಲ್ಲಿ ಸುಧಾ ಚಾರ್ಜರ್ ಸಿಕ್ಕಿಸುವ ತೂತು ಒಂದಂಗುಲ ಕೆಳಗಿತ್ತು. ಉಮಾಶಂಕರ ಅಳತೆಪಟ್ಟಿ ಹಿಡಿದು ನೋಡಿದ್ದ.

ಪಕ್ಕದ ಹೊಲದ ಕುಳ್ಳಯ್ಯ ಇದಕ್ಕೆ ಶಾಸ್ತ್ರಾಧಾರ ಒದಗಿಸಿದ. "ಬ್ಯಾಟರಿ ಅಂದ್ರೆ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಇದ್ದಂಗೆ ಕಣ್ಲಾ. ಮೊದ್ಲು ಸೊನ್ನೆಗಿಳಿಸ್ಬೇಕು. ಆಮೇಲೆ ಒಂದೇ ಉಸಿರಿಗೆ ನೂರು ಮುಟ್ಟಿಸ್ಬೇಕು. ಮಧ್ಯದಲ್ಲಿ ಬೆಂಕಿ ಆರಿದ್ರೆ ಸೊಪ್ಪು ಕೆಡಾಕಿಲ್ವಾ? ಅಂಗೇ ಇದೂವೆ."

ಹೊಗೆಸೊಪ್ಪು ಬೆಳೆಯುವವನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಹತ್ತು ವರ್ಷ ಸೌದೆ ತಳ್ಳಿ, ಶಾಖ ನೋಡಿ ಪಳಗಿದವನು ಉಮಾಶಂಕರ. ತಳ್ಳುವಾಗೆಲ್ಲ ಫೋನು ಎದೆಯ ಜೇಬಿನಲ್ಲೇ ಇರುತ್ತಿತ್ತು (ಮನೆಯಲ್ಲಿಟ್ಟರೆ ಕಳ್ಳರ ಕಾಟ). ಈಗ ಚಾರ್ಜರನ್ನೂ ಹೊಲಕ್ಕೇ ಸಾಗಿಸಿ, ಬ್ಯಾರನ್ನಿನ ಒಲೆಬಾಯಿಯ ಮೇಲಿದ್ದ ಗೂಡನ್ನು ಚಾರ್ಜಿಂಗ್ ಮಂದಿರವೆಂದು ಘೋಷಿಸಿದ. ಗೋಡೆ ಬೆಚ್ಚಗೆ ಒಣಗಿರುತ್ತದೆ. ಸೊಪ್ಪಿಗಾಗಲಿ ಚಾರ್ಜಿಗಾಗಲಿ ತೇವವೇ ಶತ್ರು ಎಂಬುದು ಅವನ ಸ್ವಂತ ಸಂಶೋಧನೆ.

ಅದೇ ವಾರ ಹೊಗೆಸೊಪ್ಪಿನ ಹರಾಜುಕಟ್ಟೆಯಿಂದ ಫೋನು ಬರಬೇಕಿತ್ತು. ಮೊದಲ ಕಟಾವಿನ ಸೊಪ್ಪು ಬೇಲು ಎಂಬ ಮೂಟೆಗಳಾಗಿ ಮನೆಯ ಜಗಲಿಯಲ್ಲಿ ಕೂತಿತ್ತು. ಕರೆದ ದಿನ ಒಯ್ಯದಿದ್ದರೆ ಸರದಿ ಮತ್ತೆ ಯಾವಾಗಲೋ. ಅಷ್ಟರಲ್ಲಿ ಮೋಡದ ಹವೆಗೆ ಬಣ್ಣ ತಿರುಗಿದರೆ ವರ್ಷದ ದುಡಿಮೆ ಮಣ್ಣುಪಾಲು. ಸೊಪ್ಪು ಬೆಳೆಯುವ ಲೈಸೆನ್ಸು ಇದ್ದದ್ದು ಸುಧಾಳ ಹೆಸರಿನಲ್ಲಿ (ಜಮೀನು ಅವಳ ತವರಿನದು, ಈ ಸಣ್ಣ ವಿಷಯವನ್ನು ಉಮಾಶಂಕರ ಯಾರಿಗೂ ಹೇಳಿ ಬೇಸರ ಮಾಡುತ್ತಿರಲಿಲ್ಲ). ಆದರೂ ಕಟ್ಟೆಯಲ್ಲಿ ಮೊದಲು ಬರೆಸಿದ್ದು ತನ್ನ ನಂಬರು. "ಇನ್ನೊಂದಿರಲಿ" ಎಂದು ಗುಮಾಸ್ತ ಕೇಳಿದ್ದಕ್ಕೆ ಸುಧಾ ತನ್ನದನ್ನೂ ಹೇಳಿದ್ದಳು. ಅದೂ ಅವನಿಗೆ ಸರಿಬಂದಿರಲಿಲ್ಲ.

ಬುಧವಾರ ಬೆಳಿಗ್ಗೆ ಫೋನು ಶಾಸ್ತ್ರೋಕ್ತವಾಗಿ ಸೊನ್ನೆಗಿಳಿದು ಕಣ್ಣುಮುಚ್ಚಿತು. ಉಮಾಶಂಕರ ಅದನ್ನು ಗೂಡಿನಲ್ಲಿಟ್ಟು, ವೈರು ಸಿಕ್ಕಿಸಿ, ಗೋಣಿಚೀಲ ಹಾಸಿ ಎದುರಿಗೆ ಕಾವಲು ಕೂತ. ಒಂಬತ್ತು ಗಂಟೆಗೆ ಸುಧಾ ಹೊಲದ ಬದುವಿನಲ್ಲಿ ಓಡೋಡಿ ಬಂದಳು.

"ರೀ, ಕಟ್ಟೆಯಿಂದ ಫೋನ್ ಬಂದಿತ್ತು. ಇವತ್ತೇ ನಮ್ ಸರದಿ, ಹನ್ನೊಂದು ಗಂಟೆ ಒಳಗೆ ಬೇಲು ತರ್ಬೇಕಂತೆ! ಏಳಿ!"

"ನಂಗೆ ಬರದಿದ್ ಫೋನು ನಿಂಗೆಂಗೆ ಬಂತು?"

"ನಿಮ್ದು ಸ್ವಿಚ್ ಆಫ್ ಅಂತೆ. ಅದ್ಕೆ ನಂಗೆ ಮಾಡವ್ರೆ."

ಉಮಾಶಂಕರ ಅವಳ ಮುಖ ನೋಡಿದ, ಅವಳ ಕೈಯಲ್ಲಿದ್ದ ಫೋನು ನೋಡಿದ, ಕೊನೆಗೆ ಗೂಡಿನಲ್ಲಿದ್ದ ತನ್ನ ಚಾರ್ಜರ್ ನೋಡಿದ. ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು.

"ನಾನು ಎದ್ದೋಗ್ಬೇಕು, ನೀನು ಇದನ್ನ ಕಿತ್ತು ನಿಂದು ಸಿಕ್ಕಿಸ್ಬೇಕು. ಅದೇ ತಾನೆ? ನೂರಾಗಗಂಟ ನಾನು ಏಳಾಕಿಲ್ಲ, ವೋಗು."

ಸುಧಾಳ ಕಣ್ಣಲ್ಲಿ ನೀರು ಬಂತು. "ಹದ್ನಾರು ವರ್ಷ ಸಂಸಾರ ಮಾಡಿದೀನಿ. ಚಾರ್ಜು ಕದಿಯೋಳು ಅನ್ನಿಸ್ಕಬೇಕಾಯ್ತು ನಿಮ್ ಕೈಲಿ," ಎಂದವಳೇ ತಿರುಗಿ ನೋಡದೆ ಹೋದಳು.

ಅರ್ಧ ಗಂಟೆಯ ಮೇಲೆ ಮನೆಯ ಕಡೆಯಿಂದ ಟೆಂಪೋ ಸದ್ದು ಕೇಳಿತು. ತನ್ನನ್ನು ಎಬ್ಬಿಸಲು ಹೂಡಿದ ಇನ್ನೊಂದು ಆಟ! ಉಮಾಶಂಕರ ಕತ್ತು ಕೂಡ ಹೊರಳಿಸಲಿಲ್ಲ. ಒಲೆಗೆ ಇನ್ನೆರಡು ಸೌದೆ ತಳ್ಳಿ ಮೀಸೆಯಲ್ಲೇ ನಕ್ಕ.

ಹನ್ನೊಂದೂವರೆಗೆ ನೂರಾಯಿತೇನೋ ಎಂದು ಫೋನಿಗೆ ಕೈಹಾಕಿದವನು 'ಅಯ್ಯಪ್ಪಾ' ಎಂದು ಕೈ ಕೊಡವಿದ. ಕಾದ ಹೆಂಚಿನಂತಿತ್ತು. ಹಿಂದಿನ ಮುಚ್ಚಳ ಪೂರಿಯ ಹಾಗೆ ಉಬ್ಬಿ ಒಂದು ಕಡೆ ಬಾಯಿಬಿಟ್ಟಿತ್ತು. ಅಂದರೆ ಯಾರೋ ಮುಚ್ಚಳ ಬಿಚ್ಚಿದ್ದಾರೆ! ಸಾಕ್ಷಿ ಸಿಕ್ಕಿತೆಂದು ಟವೆಲಿನಲ್ಲಿ ಸುತ್ತಿಕೊಂಡು, ಹೊಲದಿಂದಲೇ ಬೈಕು ಹತ್ತಿ ಹುಣಸೂರಿಗೆ ಹೊರಟ.

ಮೊಬೈಲು ರಿಪೇರಿಯ ಯತೀಶ್ ಅದನ್ನು ನೋಡಿದ್ದೇ ಅಂಗಡಿಯ ಹೊರಗೆ ಮರಳಿನ ಬಕೆಟ್ಟಿಗೆ ಹಾಕಿ ಬಂದ.

"ಯಾರೂ ಬಿಚ್ಚಿಲ್ಲ ಅಣ್ಣ. ಬ್ಯಾಟ್ರಿ ಊದ್ಕಂಡದೆ. ಎಲ್ಲಿಟ್ಟಿದ್ರಿ?"

"ಗೋಡೇಲಿ."

"ಯಾವ ಗೋಡೆ?"

ಉಮಾಶಂಕರ ಕೆಮ್ಮಿದ. "...ಬ್ಯಾರನ್ ಗೋಡೆ."

ಯತೀಶ್ ತಲೆ ಮೇಲೆ ಕೈಯಿಟ್ಟುಕೊಂಡ. "ಸೊಪ್ಪಲ್ಲ ಅಣ್ಣ ಅದು, ಬೇಯ್ಸೋಕೆ! ಶಾಖವೇ ಇದ್ರ ಶತ್ರು. ಒಲೆ ಮುಂದೆ ಜೇಬಲ್ಲಿಟ್ಕಂಡು ಓಡಾಡಿದ್ರೂ ಚಾರ್ಜು ನಿಲ್ಲಾಕಿಲ್ಲ. ಸೊನ್ನೆಗಿಳಿಸ್ಬೇಕು ಅನ್ನೋದು ಹಳೇ ಕಾಲದ ಬ್ಯಾಟ್ರಿ ಮಾತು. ಈಗಿನವು ಇಪ್ಪತ್ತಕ್ಕೆ ಹಾಕಿ, ಎಂಬತ್ತಕ್ಕೆ ತೆಗೀರಿ. ಹತ್ತತ್ತು ನಿಮಿಷ ಹಾಕಿದ್ರೂ ಸೈ. ನಿಮ್ಮನೇಲಿ ನೆಟ್ಟಗೆ ಚಾರ್ಜ್ ಮಾಡೋರು ಯಾರೂ ಇಲ್ವಾ?"

ಇದ್ದಳು. ಬೆಳಿಗ್ಗೆ ತಾನೇ ಅಳಿಸಿ ಕಳಿಸಿದ್ದ. ಹಾಗಾದರೆ ಕಟ್ಟೆಯ ಫೋನೂ ನಿಜ! ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಉಮಾಶಂಕರ ಯತೀಶನ ಫೋನು ಇಸಿದುಕೊಂಡು ಸುಧಾಳ ನಂಬರು ಒತ್ತಿದ. ಒಂದೇ ರಿಂಗಿಗೆ ಎತ್ತಿದಳು.

"ಸುಧಾ... ಬೇಲು?"

"ನನ್ ತಮ್ಮ ಸ್ವಾಮಿ ಟೆಂಪೋ ತಂದ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ್ಲೇ ಇಳಿಸ್ದೋ. ಒಳ್ಳೆ ರೇಟಿಗೇ ಓಯ್ತು. ನಿಮ್ದು ನೂರಾಯ್ತಾ?"

ಉಮಾಶಂಕರನಿಗೆ ಜೀವ ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಅವಳಿಗೆ ಇಷ್ಟವೆಂದು ಮೈಸೂರುಪಾಕು ಕಟ್ಟಿಸಿಕೊಂಡು ಮನೆಗೆ ಬಂದು, ಕಳ್ಳನ ಹಾಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ಸುಧಾ ಮೈಸೂರುಪಾಕು ಬಾಯಿಗೆ ಹಾಕಿಕೊಂಡು ಕೇಳಿದಳು:

"ಕಳ್ಳ ಸಿಕ್ಕಿದ್ನಾ?"

"ಸಿಕ್ದ."

"ಯಾರು?"

ಉಮಾಶಂಕರ ಅಂಗಿಯ ಖಾಲಿ ಜೇಬನ್ನು ತಟ್ಟಿಕೊಂಡು ತಲೆ ತಗ್ಗಿಸಿದ. ಮುಂದಿನ ಸರದಿಯ ಫೋನು ಯಾವ ನಂಬರಿಗೆ ಬರಬೇಕೆಂಬುದು ಸುಧಾ ಕಟ್ಟೆಯಲ್ಲೇ ತೀರ್ಮಾನ ಮಾಡಿ ಬಂದಿದ್ದಳು. ಈಗ ತನ್ನ ಫೋನನ್ನು ಎಂಬತ್ತಕ್ಕೇ ಕಿತ್ತಳು. ಚಾರ್ಜರನ್ನು ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೀಗ ಯಾಕೆ?" ಎಂದ ಉಮಾಶಂಕರ ಮೆಲ್ಲಗೆ.

"ಕಳ್ಳ ಮನೇಲೇ ಅವ್ನೆ ಅಂತ ಗೊತ್ತಾದ್ಮೇಲೆ ಉಷಾರಾಗಿರ್ಬೇಕು ಕಣ್ರೀ."