ಮಾದರಿ ರೋಗಿಯ ಬಿಡುಗಡೆ ಕುರಿತು

ಹುಬ್ಬಳ್ಳಿಯ ಒಂದು ಸಾರ್ವಜನಿಕ ಆಸ್ಪತ್ರೆಯು ೨೦೦೩ನೇ ಇಸವಿಯ ಜನವರಿಯಲ್ಲಿ ಗಣಕೀಕರಣಗೊಳ್ಳಲು ತೀರ್ಮಾನಿಸಿತು. ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್ ಕೊಳ್ಳುವುದೋ, ಆಸ್ಪತ್ರೆಯ ಪದ್ಧತಿಗೆ ತಕ್ಕಂತೆ ಹೊಸದಾಗಿ ಬರೆಸುವುದೋ ಎಂಬ ಪ್ರಶ್ನೆ ಬಂತು. ಪ್ರಶ್ನೆ ಬಂದ ಮೇಲೆ ಸಮಿತಿ ಬರದೆ ಇರುತ್ತದೆಯೇ?

ಎರಡನ್ನೂ ಒಬ್ಬನೇ ರೋಗಿಯ ಮೇಲೆ, ದಾಖಲಾತಿಯಿಂದ ಬಿಡುಗಡೆಯವರೆಗೆ, ಪರೀಕ್ಷಿಸತಕ್ಕದ್ದೆಂದು ಸಮಿತಿ ಠರಾವು ಮಾಡಿತು. ಮಾದರಿ ರೋಗಿಯಾಗಿ ಹನ್ನೆರಡನೇ ಮಂಚದ ಹೊಳೆಯಪ್ಪ ಆಯ್ಕೆಯಾದ. ದೇಶಪಾಂಡೆ ನಗರದಲ್ಲಿ ಸೈಕಲ್ ರಿಪೇರಿ ಮಾಡುವ ಈತ ಕಾಲು ಮುರಿದುಕೊಂಡು ಬಂದಿದ್ದ. ಕಾಲು ಕೂಡಿ, ಪ್ಲಾಸ್ಟರ್ ಬಿಚ್ಚಿದ್ದು ಅವತ್ತೇ. ಆಯ್ಕೆಗೆ ಕಾರಣ, ಮೇಜಿನ ಮೇಲೆ ಮೊದಲು ಕೈಗೆ ಸಿಕ್ಕ ಕಡತ ಅವನದಾಗಿದ್ದುದು.

ಪೇಟೆಯ ಸಾಫ್ಟ್‌ವೇರ್ ಮೂರೇ ನಿಮಿಷದಲ್ಲಿ ಹೊಳೆಯಪ್ಪನನ್ನು ದಾಖಲಿಸಿ ಬಿಡುಗಡೆ ಚೀಟಿ ಮುದ್ರಿಸಿತು. ಚೀಟಿ ಹಿಡಿದು ಹೊರಟವನನ್ನು ಗುಮಾಸ್ತ ನಿಜಾಮುದ್ದೀನ ಬಾಗಿಲಲ್ಲಿ ತಡೆದ.

"ಎಲ್ಲಿಗೆ ಹೊಂಟ್ರಿ ಕಾಕಾ? ಇನ್ನೊಂದು ಸಾಫ್ಟ್‌ವೇರ್ ಪರೀಕ್ಷಾ ಆಗಬೇಕಲ್ಲ."

"ಅದು ಯಾವಾಗ ಬರತೈತ್ರಿ ಸಾಹೇಬ್ರ?"

"ಬರಿಯಾಕತ್ತಾರ."

"ಬರೋ ತಿಂಗಳ ಮಗಳ ಮದಿವಿ ಐತ್ರಿ. ನಾ ಮನ್ಯಾಗ ಇರಬೇಕ್ರಿ."

"ಖರೇ. ಆದ್ರ ನೀವು ಹೋದ್ರ ಆ ಕಂಪನಿಗೆ ಅನ್ಯಾಯ ಆಗತೈತಿ."

ನಿಜಾಮುದ್ದೀನ ಕೆಟ್ಟವನಲ್ಲ. ಹೊಳೆಯಪ್ಪನ ಅರ್ಜಿಯನ್ನು ತಾನೇ ಬರೆದುಕೊಟ್ಟ, ತಾನೇ ಸ್ವೀಕರಿಸಿದ, ತಾನೇ ತಿರಸ್ಕರಿಸಿದ. ಸಮಿತಿಯೂ ಕಲ್ಲುಹೃದಯದ್ದಲ್ಲ. ವಾರದೊಳಗೆ ಪ್ರಕಟಣೆ ಹೊರಟಿತು: "ಮಾದರಿ ರೋಗಿಯ ಮಗಳ ಮದುವೆಯನ್ನು ಗಂಡಸರ ವಾರ್ಡಿನಲ್ಲಿ, ಸಂಜೆ ನಾಲ್ಕರಿಂದ ಆರರ ಭೇಟಿಯ ಸಮಯದಲ್ಲಿ ನೆರವೇರಿಸಬಹುದು. ಒಂದು ಪಾಸಿಗೆ ಇಬ್ಬರು ಬೀಗರು. ವಾದ್ಯದವರು ಶಬ್ದ ಮಾಡತಕ್ಕದ್ದಲ್ಲ."

ಮಗಳು ಸುಕನ್ಯಾಳ ಮದುವೆ ಹಾಗೆಯೇ ಆಯಿತು. ಎರಡು ಪರೀಕ್ಷೆಗಳ ನಡುವೆ ರೋಗಿಯ ಸ್ಥಿತಿ ಬದಲಾಗಬಾರದೆಂಬ ನಿಯಮವಿದ್ದುದರಿಂದ ಹೊಳೆಯಪ್ಪ ಮಂಚದಿಂದ ಇಳಿಯದೆ ಅಕ್ಷತೆ ಹಾಕಿದ. ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ನರ್ಸಮ್ಮ ಕೇಸ್ ಪೇಪರಿನಲ್ಲಿ 'ಸ್ಥಿತಿ ಸ್ಥಿರ' ಎಂದು ಬರೆದಳು.

ಸಾಫ್ಟ್‌ವೇರ್ ಬರೆಯಲು ಬಂದ ಎಂಜಿನಿಯರ್ ವಿಶಾಲ ಬಲು ಶ್ರದ್ಧೆಯ ಮನುಷ್ಯ. ಆಸ್ಪತ್ರೆಯಲ್ಲಿ ನಡೆಯುವುದನ್ನು ಇದ್ದದ್ದು ಇದ್ದಂತೆ ಗಣಕಕ್ಕೆ ಇಳಿಸಬೇಕೆಂಬುದು ಕರಾರು. ಆತ ಮಾದರಿ ರೋಗಿಯ ಪಕ್ಕ ವರ್ಷವಿಡೀ ಸ್ಟೂಲ್ ಹಾಕಿಕೊಂಡು ಕೂತು, ಕಂಡದ್ದನ್ನೆಲ್ಲ ಬರೆದುಕೊಂಡ. ರೋಗಿ ಬರುತ್ತಾನೆ. ಗುಣವಾಗುತ್ತಾನೆ. ಇರುತ್ತಾನೆ.

ಪರೀಕ್ಷೆಯ ದಿನ ಹೊಳೆಯಪ್ಪ ಗಡ್ಡ ಬೋಳಿಸಿಕೊಂಡು, ಚಪ್ಪಲಿ ಮೆಟ್ಟಿ, ಗಂಟು ಕಟ್ಟಿಕೊಂಡು ಕೂತಿದ್ದ. ಹೊಸ ಸಾಫ್ಟ್‌ವೇರಿನಲ್ಲಿ ಬಿಡುಗಡೆಯ ಗುಂಡಿಯೇ ಇರಲಿಲ್ಲ.

"ಅದನ್ನ್ಯಾಕ ಇಟ್ಟಿಲ್ರಿ?" ಎಂದು ಅಧೀಕ್ಷಕರು ಕೇಳಿದರು.

"ಮಾದರಿ ರೋಗೀನ ಒಂದು ವರ್ಷ ನೋಡೇನ್ರಿ ಸರ್," ಎಂದ ವಿಶಾಲ. "ಒಮ್ಮಿನೂ ಹೋಗಿಲ್ರಿ."

ಸಮಿತಿಗೆ ಇದು ಬಹಳ ಹಿಡಿಸಿತು. ಪೇಟೆಯ ಸಾಫ್ಟ್‌ವೇರ್ ಯಾವ ಆಸ್ಪತ್ರೆಗಾದರೂ ಆದೀತು, ಇದು ಮಾತ್ರ ನಮ್ಮ ಆಸ್ಪತ್ರೆಯದೇ ಎಂದು ಷರಾ ಬರೆದು ಅಂದೇ ಜಾರಿಗೆ ತಂದರು.

ಮರುವಾರ ಸುಕನ್ಯಾ ತುಂಬು ಬಸುರಿಯಾಗಿ ಗಂಡನ ಮನೆಯಿಂದ ಆಸ್ಪತ್ರೆಗೆ ಬಂದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ತಾಯಿ ಉಡಚವ್ವ ಅಷ್ಟರಲ್ಲಿ ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆ ಪಡಗ ಸಮೇತ ಗಂಡನ ಮಂಚದ ಬುಡದಲ್ಲಿ ಸಂಸಾರ ಹೂಡಿದ್ದಳು. ಮಗಳನ್ನು ಹೆರಿಗೆಗೆ ದಾಖಲಿಸಲು ನಿಜಾಮುದ್ದೀನ ಗಣಕದ ಮುಂದೆ ಕೂತು ವಿಳಾಸ ಕೇಳಿದ.

"ಗಂಡನ ಮನೀದ ಹೇಳ್ಲ್ಯೋ, ತವರಮನೀದ ಹೇಳ್ಲ್ಯೋ?" ಎಂದಳು ಸುಕನ್ಯಾ.

"ತವರಮನೀದ ಬರ್ಕೋರಿ," ಎಂದಳು ಉಡಚವ್ವ. "ಹೆಂಗೂ ಆಕಿ ಇನ್ನ ಗಂಡನ ಮನಿಗೆ ಹೊಳ್ಳಿ ಹೋಗೂದಿಲ್ಲಲ್ಲ."

ನಿಜಾಮುದ್ದೀನ 'ಹನ್ನೆರಡನೇ ಮಂಚ' ಎಂದು ಒತ್ತಿದ. ಒಳಗೆ ಹೊಳೆಯಪ್ಪ, ತೊಟ್ಟಿಲು ಕಟ್ಟಲು ತೊಲೆ ಯಾವ ಕಡೆ ಗಟ್ಟಿ ಇದೆ ಎಂದು ಪಕ್ಕದ ಮಂಚದವರನ್ನು ವಿಚಾರಿಸುತ್ತಿದ್ದ.