ನಳಕ್ಕೆ ಉಡಿ ತುಂಬಿಸಿದ ದೊಡ್ಡವ್ವ

ಬಸವನ ಬಾಗೇವಾಡಿಯಲ್ಲಿ ಒಂದು ನೀರಿನ ನಳಕ್ಕೆ ಉಡಿ ತುಂಬಲಾಗಿದೆ. ತವರಿನಿಂದ ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು ಹಾಕಿ ಕಳಿಸುತ್ತೇವಲ್ಲ, ಅದೇ ಉಡಿ. ತುಂಬಿಸಿದವಳು ನಮ್ಮ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ. ಅವಳಿಗೆ ತಲೆ ಸರಿಯಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನೀವು ಕೇಳಿಯೇ ಕೇಳುತ್ತೀರಿ!

ದೊಡ್ಡವ್ವ ಇರುವುದು ಹೂವಿನ ಹಿಪ್ಪರಗಿಯಲ್ಲಿ. ದೊಡ್ಡಪ್ಪ ತೀರಿಕೊಂಡು ಹದಿನೆಂಟು ವರ್ಷವಾಯಿತು. ಹೊಲ, ಎರಡು ಎಮ್ಮೆ, ಊರಿನವರ ಉಸಾಬರಿ ಎಲ್ಲ ಅವಳದೇ. ಅವಳ ಬದುಕಿನಲ್ಲಿ ಇರುವುದು ಒಂದೇ ಕಾನೂನು: ಎಲ್ಲಿಂದ ಹೊರಟರೂ ಹೇಳಿ ಹೊರಡಬೇಕು. ಅದೂ "ಹೋಗ್ತೇನಿ" ಅನ್ನಬಾರದು, "ಹೋಗಿ ಬರ್ತೇನಿ" ಅನ್ನಬೇಕು. ಬಸ್ಸಿನಿಂದ ಇಳಿಯುವಾಗ ಕಂಡಕ್ಟರಿಗೆ ಹೇಳುತ್ತಾಳೆ, ಡ್ರೈವರಿಗೆ ಹೇಳುತ್ತಾಳೆ, ಪಕ್ಕದಲ್ಲಿ ನಿದ್ದೆ ಹೋದವರನ್ನು ಎಬ್ಬಿಸಿ ಹೇಳುತ್ತಾಳೆ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಎಲ್ಲರಿಗೂ ಹೇಳಿ ಬರುತ್ತೇನೆಂದು ಎದ್ದವಳು, ಹೇಳಿ ಮುಗಿಸುವ ಹೊತ್ತಿಗೆ ಮರುದಿನದ ಉಪ್ಪಿಟ್ಟು ತಯಾರಾಗಿತ್ತು. ತಿಂದಳು. ತಿಂದ ಮೇಲೆ ಅಡುಗೆಯವನಿಗೆ ಹೇಳುವುದು ಬಾಕಿ ಉಳಿಯಿತು.

ಹೋದ ವರ್ಷ ನನ್ನ ಗಂಡನಿಗೆ ಬಾಗೇವಾಡಿಯಿಂದ ಇಂಡಿಗೆ ವರ್ಗವಾಯಿತು. ನಮಗೇನೂ ಕಷ್ಟವಿರಲಿಲ್ಲ. ಕಷ್ಟವಾದದ್ದು ಆರು ವರ್ಷದ ಮಗಳು ಸೃಷ್ಟಿಗೆ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ನನ್ನ ಓಢಣಿಯಿಂದ ತನ್ನ ಸೊಂಟವನ್ನು ಅಂಗಳದ ನಳಕ್ಕೆ ಕಟ್ಟಿಕೊಂಡು ಕುಳಿತುಬಿಟ್ಟಳು. ಆಮೇಲೆ ಮಾತೇ ನಿಂತಿತು. ನಾಲ್ಕು ದಿನ ಊಟವೆಂದರೆ ಎರಡು ತುತ್ತು. ಮಗು ಹೀಗೇ ಉಳಿದುಬಿಟ್ಟರೆ ಏನು ಗತಿ ಎಂದು ನಾನು ಒಳಗೊಳಗೇ ಹೆದರಿ ಹೋಗಿದ್ದೆ.

ಮೊಬೈಲಿನಲ್ಲಿ ಓದಿದೆ. ಹೊಸ ಊರಿನ ಒಳ್ಳೆಯ ಸಂಗತಿಗಳನ್ನು ಮಗುವಿಗೆ ತಿಳಿಸಿ ಎಂದಿತ್ತು. ನನ್ನ ಗಂಡ ಬಹಳ ಯೋಚಿಸಿ, "ಇಂಡಿಯೊಳಗ ಲಿಂಬಿಹಣ್ಣು ಭಾಳ ಸಿಗ್ತಾವ, ಪುಟ್ಟಿ" ಎಂದರು. ಮಗಳು ಅವರನ್ನು ಒಮ್ಮೆ ನೋಡಿ ಓಢಣಿಗೆ ಇನ್ನೊಂದು ಗಂಟು ಹಾಕಿದಳು.

ಕೊನೆಗೆ ದೊಡ್ಡವ್ವನಿಗೆ ಫೋನು ಮಾಡಿದೆ. ಮರುದಿನ ಮುಂಜಾನೆಯ ಬಸ್ಸಿಗೆ ಬಂದಳು. ಬಂದವಳೇ ನಮ್ಮನ್ನು ಬೈದಳು.

"ಕೂಸಿಗೆ ಯಾಕ ಲಿಂಬಿಹಣ್ಣಿನ ಆಸೆ ತೋರಿಸ್ತೀರಿ? ಬಿಟ್ಟ ಹೋಗೂದ ಐತಿ, ಬಿಟ್ಟ ಹೋಗೂದ ಐತಿ ಅನ್ರಿ. ಅಳು ಬಂದ್ರ ಅಳಲಿ."

"ಅಳಾಕೂ ಒಲ್ಲದು, ದೊಡ್ಡವ್ವಾ" ಎಂದೆ.

"ಯಾರಿಗೂ ಹೇಳದ ಹೊಂಟ್ರ ಅಳು ಹೆಂಗ ಬರತೈತಿ?"

ಸೃಷ್ಟಿಯೂ ನನ್ನ ಹಾಗೇ ಅವಳನ್ನು ದೊಡ್ಡವ್ವ ಎನ್ನುತ್ತಾಳೆ. ದೊಡ್ಡವ್ವ ಅವಳ ಪಕ್ಕದಲ್ಲಿ, ಹಸಿ ನೆಲದ ಮೇಲೆ ಕುಳಿತು, "ಈ ಊರಾಗ ನಿನಗ ಯಾರ್ಯಾರು ಬೇಕಾದವರು, ಹೇಳವ್ವ" ಎಂದಳು. ಓಢಣಿಯ ಗಂಟನ್ನು ತಿರುವುತ್ತ ಮಗಳು ಬಾಯಿ ತೆರೆದಳು: ಮನೆಯ ಮಾಲಕಿ ಖಾಜಾಬಿ, ಖಾಜಾಬಿಯ ಆಡು, ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು, ತಾನು ಕೂರುತ್ತಿದ್ದ ಬೆಂಚು, ಈ ನಳ. ಅಪ್ಪನ ಆಫೀಸಿನವರು ಯಾರೂ ಪಟ್ಟಿಯಲ್ಲಿರಲಿಲ್ಲ. ಹೊರಟವಳಿಗೆ ಉಡಿ ತುಂಬುವುದು ರೂಢಿ. ಇಲ್ಲಿ ಹೊರಟವಳೇ ಅಷ್ಟೂ ಮಂದಿಗೆ ತುಂಬಬೇಕೆಂದು ದೊಡ್ಡವ್ವ ಹುಕುಂ ಮಾಡಿದಳು.

ಹುಕುಂ ಮಾತ್ರ ಅವಳದು. ತಾನು ಒಂದು ಕಾಳನ್ನೂ ಮುಟ್ಟಲಿಲ್ಲ. "ನೀ ತುಂಬು, ನಾ ನೋಡ್ತೇನಿ" ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಲ್ಲುವಳು. ನನ್ನ ಗಂಡ ಅವಳಿಗೆ ಸೂಪರ್‌ವೈಸರ್ ಎಂದು ಹೆಸರಿಟ್ಟರು. ನಾನೂ ನಕ್ಕೆ.

ಖಾಜಾಬಿ ಸೆರಗೊಡ್ಡಿ ನಿಂತು ಐದು ಹಿಡಿ ಅಕ್ಕಿ ಹಾಕಿಸಿಕೊಂಡಳು. ಉಡಿ ತುಂಬಿಸಿಕೊಂಡವರು ಒಂದು ಹಿಡಿಯನ್ನು ತಿರುಗಿ ಕೊಡಬೇಕು, ಮತ್ತೆ ಭೇಟಿಯಾಗಲಿಕ್ಕೆ. ಖಾಜಾಬಿ ಕೊಟ್ಟಳು. ಕೊಡುವಾಗ ಕಣ್ಣೊರೆಸಿಕೊಂಡಳು. ಆಡಿನ ಕೊರಳಿಗೆ ಬಟ್ಟೆ ಕಟ್ಟಿ ಅಕ್ಕಿ ಹಾಕಿದೆವು. ಅದು ಮೊದಲು ಅಕ್ಕಿ ತಿಂದಿತು, ಆಮೇಲೆ ಕೊಬ್ಬರಿ ತಿಂದಿತು, ಆಮೇಲೆ ಬಟ್ಟೆ ತಿಂದಿತು. ಒಂದು ಹಿಡಿ ತಿರುಗಿ ಕೊಡುವ ಪದ್ಧತಿಯನ್ನು ಅದು ಪಾಲಿಸಲಿಲ್ಲ.

ಸಾಲಿಯಲ್ಲಿ ಅಕ್ಕೋರು ಸಂತೋಷದಿಂದಲೇ ಉಡಿ ತುಂಬಿಸಿಕೊಂಡರು. ಬೆಂಚಿನ ಸರದಿ ಬಂದಾಗ ಮಾತ್ರ ಸ್ವಲ್ಪ ತಬ್ಬಿಬ್ಬಾದರು.

"ಬೆಂಚಿಗೂ ತುಂಬೂದೇನ್ರಿ, ಅಮ್ಮಾ?"

"ಹೌದ್ರಿ. ಒಂದು ವರ್ಷ ನಮ್ಮ ಕೂಸಿನ ಭಾರ ಹೊತ್ತೈತಿ. ನೀವು ಹೊತ್ತೀರೇನು?"

ಅಕ್ಕೋರು ಬೆಂಚಿನ ಧೂಳು ಒರೆಸಿಕೊಟ್ಟರು. ಇಡೀ ಕ್ಲಾಸು ಎದ್ದು ನಿಂತು ಬೆಂಚಿಗೆ ಚಪ್ಪಾಳೆ ತಟ್ಟಿತು.

ಹೊರಡುವ ದಿನ ಸಾಮಾನು ತುಂಬಿದ ಲಾರಿ ಬಾಗಿಲಲ್ಲಿ ಗುರುಗುಡುತ್ತಿತ್ತು. ಡ್ರೈವರು ಮೂರು ಸಲ ಹಾರನ್ ಹೊಡೆದು, "ಇನ್ನೇನ ಉಳದೈತ್ರಿ?" ಎಂದ.

"ನಳ ಒಂದ ಉಳದೈತಿ" ಎಂದಳು ದೊಡ್ಡವ್ವ.

ನಾವು ನಳವನ್ನೂ ಕಿತ್ತು ಒಯ್ಯುತ್ತೇವೆಂದು ತಿಳಿದು ಡ್ರೈವರು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಇಳಿದ! ಅವನ ಕಣ್ಣೆದುರೇ ಮಗಳು ಕುಪ್ಪಸದ ಖಣವನ್ನು ನಳದ ಕುತ್ತಿಗೆಗೆ ಜೋಳಿಗೆಯ ಹಾಗೆ ಕಟ್ಟಿ, ಒಂದು, ಎರಡು ಎಂದು ಎಣಿಸುತ್ತ ಅಕ್ಕಿ ಹಾಕಿದಳು. ಐದನೆಯ ಹಿಡಿಗೆ ಧ್ವನಿ ಒಡೆಯಿತು. ಅಬ್ಬಾ, ಅದೇನು ಅಳು! ನಾನು ಎತ್ತಿಕೊಳ್ಳಲು ಓಡಿದೆ. ದೊಡ್ಡವ್ವ ಅಡ್ಡ ನಿಂತಳು.

"ಇರ್ಲಿ ಬಿಡು. ಪೂರಾ ಅಳಲಿ. ನಾವು ಕಾಯೂಣು."

ಕಾದೆವು. ಡ್ರೈವರೂ ಪಾನಾ ಹಿಡಿದುಕೊಂಡೇ ಕಾದ. ಅತ್ತು ಮುಗಿದ ಮೇಲೆ ಮಗಳು ಅದೇ ನಳ ತಿರುವಿ ಮುಖ ತೊಳೆದುಕೊಂಡು, "ಹೋಗಿ ಬರ್ತೇನಿ" ಎಂದು ಅದಕ್ಕೆ ಹೇಳಿ ತಾನೇ ಲಾರಿ ಹತ್ತಿದಳು. ಅಂದು ದಾರಿಯಲ್ಲಿ ಎರಡು ಚಪಾತಿ ತಿಂದಳು.

ಇಂಡಿಗೆ ದೊಡ್ಡವ್ವನೂ ಬಂದಳು. ಹೊಸ ಸಾಲಿಯ ಮೊದಲ ದಿನ ಗೇಟಿನಲ್ಲಿ ಮತ್ತೆ ಅಳು ಶುರುವಾಯಿತು. ದೊಡ್ಡವ್ವ ಸಮಾಧಾನ ಮಾಡಲಿಲ್ಲ, ಕೆಲಸ ಕೊಟ್ಟಳು. "ಒಳಗ ಎಷ್ಟ ಮಂದಿ ಅಳ್ತಾರ ಎಣಿಸಿಕೊಂಡ ಬಾ. ಸಂಜೀಕ ನನಗ ಲೆಕ್ಕ ಬೇಕು."

ಸಂಜೆ ವರದಿ ಬಂತು. "ಮೂರ ಮಂದಿ ಅತ್ರು. ಒಬ್ಬಾಕಿ ನಾನ."

ಎರಡನೆಯ ದಿನ ಇಬ್ಬರು. ನಾಲ್ಕನೆಯ ದಿನ, "ಸಿಂದಗಿಯಿಂದ ಬಂದ ಹುಡುಗಿ ಒಬ್ಬಾಕೀನ ಅತ್ಲು. 'ಅಳು, ನಾ ಕಾಯ್ತೇನಿ' ಅಂದೆ. ಭಾಳ ಹೊತ್ತ ಅತ್ಲು, ನನಗ ಕಾಲ ನೋವಾತು."

ಹದಿನೈದು ದಿನಕ್ಕೆ ದೊಡ್ಡವ್ವನ ಎಮ್ಮೆಗಳು ಕರೆದವು. ಆಗ ನಾವು ದೊಡ್ಡವರು ಸೇರಿ ಒಂದು ಜಾಣತನ ಮಾಡಿದೆವು: ಮಗು ಸಾಲಿಯಲ್ಲಿದ್ದಾಗ ದೊಡ್ಡವ್ವ ಸದ್ದಿಲ್ಲದೆ ಹೊರಟುಬಿಡುವುದು. ಇಷ್ಟು ದಿನಕ್ಕೆ ನೆಟ್ಟಗಾದ ಮಗು ಮತ್ತೆ ಮುರಿಯಬಾರದಲ್ಲ? ನನಗೆ ಆಶ್ಚರ್ಯವಾದದ್ದು, ಇದಕ್ಕೆ ದೊಡ್ಡವ್ವ ಒಪ್ಪಿದ್ದು. "ಹೌದವ್ವ, ಸುಮ್ನ ಹೋಗ್ತೇನಿ" ಎಂದಳು. "ಹೋಗ್ತೇನಿ" ಎಂದಳು! ನನ್ನ ಬುದ್ಧಿಗೆ ಆಗಲೂ ಏನೂ ಹೊಳೆಯಲಿಲ್ಲ.

ಮುಂಜಾನೆ ದೊಡ್ಡವ್ವನ ಚೀಲ ಗೋಡೆಗೊರಗಿ ನಿಂತದ್ದನ್ನು ಮಗಳು ನೋಡಿದಳು. ಯೂನಿಫಾರ್ಮಿನಲ್ಲೇ ಅಡುಗೆಮನೆಗೆ ಹೋಗಿ ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟುಕೊಂಡು ಬಂದಳು. ಉತ್ತತ್ತಿ ಸಿಕ್ಕಿರಲಿಲ್ಲ, ಒಂದು ಲಿಂಬೆಹಣ್ಣು ಇಟ್ಟಿದ್ದಳು.

"ದೊಡ್ಡವ್ವಾ, ಸೆರಗ ಒಡ್ಡು."

ದೊಡ್ಡವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. "ನನಗ ಬ್ಯಾಡವ್ವ. ನನಗ ತುಂಬಬಾರದು."

"ಯಾಕ?"

ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಗಂಡ ಸತ್ತವರಿಗೆ ಉಡಿ ತುಂಬುವುದಿಲ್ಲ, ಅವರೂ ಯಾರಿಗೂ ತುಂಬುವುದಿಲ್ಲ ಎಂದು ಆರು ವರ್ಷದ ಮಗುವಿಗೆ ಹೇಗೆ ಹೇಳಲಿ? ಹದಿನೆಂಟು ವರ್ಷ ಅವಳು ಹೊರಟಾಗಲೆಲ್ಲ ನಾನು ಎರಡು ಬಾಳೆಹಣ್ಣು ಕೈಗೆ ಕೊಟ್ಟು ಕಳಿಸಿದವಳು. ಸೂಪರ್‌ವೈಸರ್ ಎಂದಾಗ ನಕ್ಕವಳು. ಆ ಗಳಿಗೆಯಲ್ಲಿ ನನಗಾದಷ್ಟು ನಾಚಿಕೆ ಜನ್ಮದಲ್ಲಿ ಆಗಿಲ್ಲ.

"ನಳಕ್ಕ ತುಂಬೇವಿ. ಆಡಿಗೆ ತುಂಬೇವಿ. ಬೆಂಚಿಗೂ ತುಂಬೇವಿ" ಎಂದಳು ಮಗಳು. "ನೀನಂತೂ ಹೊಂಟೀದಿ. ನಿನಗ ಯಾಕ ಬ್ಯಾಡ?"

ನಾನು ಹೋಗಿ ದೊಡ್ಡವ್ವನ ಕೈಗಳನ್ನು ಬೆನ್ನ ಹಿಂದಿನಿಂದ ಬಿಡಿಸಿ, ಸೆರಗಿನ ಎರಡು ತುದಿ ಹಿಡಿಸಿದೆ. ಮಗಳು ಐದು ಹಿಡಿ ಎಣಿಸಿ ಹಾಕಿದಳು. "ಅಳು ಬಂದ್ರ ಅಳು, ದೊಡ್ಡವ್ವಾ. ನಾ ಕಾಯ್ತೇನಿ" ಎಂದಳು ಮಗಳು. ದೊಡ್ಡವ್ವ ಅತ್ತಳು. ಮಗಳು ಕಾದಳು. ಆಮೇಲೆ ದೊಡ್ಡವ್ವ ಒಂದು ಹಿಡಿ ಅಕ್ಕಿಯನ್ನು ಅವಳ ಬೊಗಸೆಗೆ ತಿರುಗಿ ಹಾಕಿ, "ಹೋಗಿ ಬರ್ತೇನವ್ವ" ಎಂದಳು.

ಬಸ್ಸಿಗೆ ಹತ್ತಿಸಲು ನಾನು ಹೋಗಿದ್ದೆ. ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಕಿಟಕಿಯ ಪಕ್ಕ ಕುಳಿತಿದ್ದಳು. ಕಂಡಕ್ಟರು ಬಂದು, "ಎಲ್ಲಿಗ್ರಿ, ಅಮ್ಮಾ?" ಎಂದ.

"ತವರಮನಿಯಿಂದ ಹೊಂಟೇನಿ" ಎಂದಳು ದೊಡ್ಡವ್ವ.